ಮುಂದಿನ ಗಾಡಿಗೆ ಹೋಗ್ರಿ

ಟ್ಯಾಕ್ಸಿಯವರಿಗೆ ಸೊಕ್ಕು, ಕರೆದರೆ ಬರುವುದಿಲ್ಲ, ಖಾಲಿ ನಿಂತಿದ್ದರೂ ಮುಖ ತಿರುಗಿಸುತ್ತಾರೆ ಎಂದು ಯಾರಾದರೂ ನನ್ನೆದುರು ಅಂದರೆ ನಾನು ಬಿಡುವುದಿಲ್ಲ. ಮೊದಲು ಕೂತುಕೊಳ್ಳಿ, ಚಹಾ ಕುಡಿಯಿರಿ, ಆಮೇಲೆ ಹೇಳುತ್ತೇನೆ ಎಂದು ಹಿಡಿದು ಕೂರಿಸುತ್ತೇನೆ. ಕಲಘಟಗಿಯ ಬಸ್ ಸ್ಟ್ಯಾಂಡಿನ ಬಾಜು, ಹುಣಸೆ ಮರದ ಕೆಳಗೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡ್. ಅಲ್ಲಿ ಹಳದಿ ಬೋರ್ಡಿನ ಗಾಡಿ ಓಡಿಸುವವರಲ್ಲಿ ನಾನೂ ಒಬ್ಬಳು, ಹೆಂಗಸರಲ್ಲಿ ಒಬ್ಬಳೇ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ಸ್ವಲ್ಪ ಅಲ್ಲ, ಬಹಳ ಜೋರು. ಅದನ್ನು ಮುಚ್ಚಿಡುವ ಗರಜು ನನಗಿಲ್ಲ.

ಒಲ್ಲೆ ಅನ್ನಲು ನಮಗೆ ಕಾರಣಗಳಿಗೇನು ಬರವಿಲ್ಲ. ಪರವಾನಗಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ ಎಂದು ಕಾನೂನು. ಆದರೆ ಮದುವೆಗೆ ಹೊರಟ ಮನೆಯವರು ಅದರ ಎರಡರಷ್ಟು ಜನ ಬಂದು ನಿಲ್ಲುತ್ತಾರೆ. ಸಣ್ಣವರನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದು ಸಮಾಧಾನ ಬೇರೆ. ನೋಡಿದರೆ ಆ ಸಣ್ಣವನಿಗೆ ಮೀಸೆ ಬಂದಿರುತ್ತದೆ. ಇನ್ನೊಬ್ಬರು ಕುರಿಮರಿ ತರುತ್ತಾರೆ. ಅದು ಮನುಷ್ಯರ ಹಾಗೆ ಕೂರುತ್ತದಂತೆ. ಮಳೆ ಬಿದ್ದ ಮರುದಿನ ನವಲಗುಂದದ ಕಡೆಯ ಹೊಲದ ರಸ್ತೆಗೆ ಬಾ ಎಂದು ಕರೆಯುವವರಿದ್ದಾರೆ. ಆ ಕಪ್ಪು ಯರಿ ಮಣ್ಣು ನನಗೆ ಗೊತ್ತು, ನಾನು ಹುಟ್ಟಿದ್ದೇ ಅಲ್ಲಿ. ಒಮ್ಮೆ ಗಾಲಿ ಹಿಡಿಯಿತೆಂದರೆ ಬಿಡಿಸಲು ಟ್ರ್ಯಾಕ್ಟರ್ ಬರಬೇಕು. ಕುಡಿದು ತೂರಾಡುವವನನ್ನಂತೂ ನಾನು ಬಾಗಿಲ ಹತ್ತಿರವೂ ಬರಗೊಡುವುದಿಲ್ಲ. ಇವರಿಗೆಲ್ಲ ನಾನು ಒಲ್ಲೆ ಅಂದಿದ್ದೇನೆ, ಮುಂದೆಯೂ ಅನ್ನುತ್ತೇನೆ.

ಆದರೆ ನಮ್ಮ ಮೇಲೆ ಜನ ಮುನಿಸಿಕೊಳ್ಳುವುದು ಇವುಗಳಿಗಲ್ಲ, ಪಾಳಿಗೆ. ಸ್ಟ್ಯಾಂಡಿಗೆ ಮೊದಲು ಬಂದ ಗಾಡಿ ಸಾಲಿನ ಮುಂದೆ ನಿಲ್ಲುತ್ತದೆ, ಆಮೇಲೆ ಬಂದದ್ದು ಅದರ ಹಿಂದೆ. ಬಾಡಿಗೆ ಬಂದರೆ ಮುಂದಿನ ಗಾಡಿಗೆ ಸಲ್ಲಬೇಕು. ಅದು ಹೊರಟ ಮೇಲೆ ಹಿಂದಿನದು ಮುಂದಕ್ಕೆ ಬರುತ್ತದೆ. ಪ್ರಯಾಣಿಕರು ಬಂದು ಸಾಲಿನ ನಡುವೆ ಇರುವ ಹೊಸ ಗಾಡಿಯ ಬಾಗಿಲಿಗೆ ಕೈ ಹಾಕುತ್ತಾರೆ. ಒಳಗೆ ಕೂತವನು ಮುಂದಿನ ಗಾಡಿಗೆ ಹೋಗಿರಿ ಎನ್ನುತ್ತಾನೆ. ಸುಮ್ಮನೆ ಕೂತಿದ್ದಾನೆ, ಕರೆದರೆ ಬರುವುದಿಲ್ಲ, ಎಷ್ಟು ಸೊಕ್ಕು ನೋಡು ಎಂದು ಇವರು ಬೈದುಕೊಳ್ಳುತ್ತಾರೆ. ಅವನಿಗೇನು ಬಾಡಿಗೆ ಬೇಡವಾಗಿರುತ್ತದೆಯೇ? ಬೇಕು. ಬೇಕಾದದ್ದನ್ನು ಕಣ್ಣೆದುರು ಬಿಟ್ಟುಕೊಡುವುದೇ ಪಾಳಿ.

ಅದಕ್ಕೊಂದು ಬಾಲವೂ ಇದೆ. ಮುಂದಿನ ಗಾಡಿ ಒಳ್ಳೆಯದಿದ್ದು, ಡ್ರೈವರ್ ಸರಿಯಿದ್ದು, ಕಾಗದಪತ್ರ ಸರಿಯಿದ್ದು, ಪ್ರಯಾಣಿಕ ಸುಮ್ಮಸುಮ್ಮನೆ ಇದು ಬೇಡ ಅಂದರೆ, ಆ ಸಾಲಿನ ಬೇರೆ ಯಾವ ಗಾಡಿಯೂ ಅವನನ್ನು ಹತ್ತಿಸಿಕೊಳ್ಳುವಂತಿಲ್ಲ. ಇದು ಯಾವ ಸರಕಾರಿ ಪುಸ್ತಕದಲ್ಲೂ ಇಲ್ಲ. ಟ್ಯಾಕ್ಸಿಯವನು ಸರಿಯಾದ ಕಾರಣವಿಲ್ಲದೆ ಪ್ರಯಾಣಿಕನನ್ನು ನಿರಾಕರಿಸಬಾರದು ಎಂದು ಸರಕಾರದ ನಿಯಮ ಹೇಳುತ್ತದೆ, ಒಪ್ಪುತ್ತೇನೆ. ಪ್ರಯಾಣಿಕನು ಕಾರಣವಿಲ್ಲದೆ ಡ್ರೈವರನ್ನು ನಿರಾಕರಿಸಿದರೆ ಏನು ಮಾಡಬೇಕು ಎಂದು ಮಾತ್ರ ಅದು ಹೇಳುವುದಿಲ್ಲ. ಅದನ್ನು ನಮ್ಮ ಹುಣಸೆ ಮರದ ಕೆಳಗೆ ನಾವೇ ಮಾಡಿಕೊಂಡಿದ್ದೇವೆ.

ಈ ಪಾಳಿಯಲ್ಲಿ ನಾನು ಬಂದು ನಿಂತದ್ದು ಗಂಡನ ಕಣ್ಣಿನ ದೆಸೆಯಿಂದ. ಅವನಿಗೆ ಸಕ್ಕರೆ ಕಾಯಿಲೆ. ಅದು ಮೆಲ್ಲಗೆ ಕಣ್ಣಿಗೆ ಇಳಿದು, ಎದುರಿಗೆ ಬರುವ ಲಾರಿ ಹತ್ತಿರ ಬಂದ ಮೇಲಷ್ಟೇ ಕಾಣುವ ಹಾಗಾಯಿತು. ಲೈಸೆನ್ಸ್ ನವೀಕರಿಸಲು ಹೋದಾಗ ವೈದ್ಯರು ಆಗದು ಎಂದುಬಿಟ್ಟರು. ಮನೆಗೆ ಬಂದವನೇ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಮಾರಿಬಿಡೋಣ ಎಂದ. ನನಗೆ ಸಿಟ್ಟು ನೆತ್ತಿಗೇರಿತು.

“ಕಣ್ಣು ಹೋಗಿದ್ದು ನಿಮ್ಮವು, ಗಾಡೀವಲ್ಲ” ಎಂದೆ. “ನನ್ನ ಕಣ್ಣು ಅಗದಿ ಚಂದ ಅದಾವು. ಕೀಲಿ ಕೊಡ್ರಿ ಇಲ್ಲೆ.”

ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು ನಾನು. ಹತ್ತಿ ಹೇರಿದ ಟ್ರೇಲರ್ ಹಿಂದೆ ಕಟ್ಟಿಕೊಂಡು ಹಳ್ಳ ದಾಟಿಸಿದ್ದೇನೆ. ಕಾರು ಅದರ ಮುಂದೆ ಆಟಿಕೆ. ಆದರೂ ಡ್ರೈವಿಂಗ್ ಶಾಲೆಗೆ ಸೇರಿ, ಪರೀಕ್ಷೆ ಕೊಟ್ಟು, ಬಾಡಿಗೆ ಗಾಡಿಗೆ ಬೇಕಾದ ಎಲ್ಲ ಕಾಗದಗಳನ್ನು ಮಾಡಿಸಿಕೊಂಡೆ. ಸಮವಸ್ತ್ರ ಕಡ್ಡಾಯ ಎಂದರು. ಖಾಕಿ ಅಂಗಿಯಂತೆ. ಸೀರೆ ಉಟ್ಟವಳು ಅದನ್ನು ಹೇಗೆ ತೊಡಬೇಕೆಂದು ನಿಯಮ ಬರೆದವನಿಗೆ ಹೊಳೆದಿರಲಿಲ್ಲ. ದರ್ಜಿಗೆ ಹೇಳಿ ಸೀರೆಯ ಮೇಲೆ ತೊಡುವ ಹಾಗೆ ಉದ್ದನೆಯ ಖಾಕಿ ಅಂಗಿ ಹೊಲಿಸಿಕೊಂಡೆ. ಮೊದಲ ದಿನ ತೊಟ್ಟುಕೊಂಡು ಹೊರಗೆ ಬಂದರೆ ಗಂಡ ಕಣ್ಣು ಕಿರಿದು ಮಾಡಿ ನೋಡಿ, ಪೋಸ್ಟ್‌ಮ್ಯಾನ್ ಬಂದಾರೇನು ಎಂದು ಕೇಳಿದ. ಅವನಿಗೆ ಕಣ್ಣು ಕಾಣದಿದ್ದರೂ ಚೇಷ್ಟೆಗೇನು ಕಡಿಮೆಯಿಲ್ಲ.

ಸ್ಟ್ಯಾಂಡಿನಲ್ಲಿ ಚೇಷ್ಟೆ ಇರಲಿಲ್ಲ, ಮೌನ ಇತ್ತು. ನಾನು ಗಾಡಿ ತಂದು ಸಾಲಿನ ಕೊನೆಗೆ ನಿಲ್ಲಿಸಿದಾಗ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಒಬ್ಬ, ಸಪೂರ ಮೀಸೆಯವನು, ಎದ್ದು ಬಂದು ಈ ಪಾಳಿ ನಿಮ್ಮ ಯಜಮಾನರದು, ನಿಮ್ಮದಲ್ಲ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟ್ಯಾಂಡಿನ ಹಿರಿಯರೊಬ್ಬರು ಮಾತಾಡಿದರು. ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುವುದು. ಮನೆಯಲ್ಲಿ ಉರ್ದು, ಸ್ಟ್ಯಾಂಡಿನಲ್ಲಿ ನಮಗಿಂತ ಗಟ್ಟಿಯಾದ ಕನ್ನಡ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಪಾಳಿಯ ವಿಷಯದಲ್ಲಿ ಅವರು ಹೇಳಿದ ಮೇಲೆ ಎರಡು ಮಾತಿಲ್ಲ.

“ಪಾಳಿ ಗಾಡೀದು” ಎಂದರು. “ಸ್ಟೇರಿಂಗ್ ಯಾರ ಹಿಡೀತಾರ ಅನ್ನೂದು ಪಾಳಿಗೆ ಬೇಕಾಗಿಲ್ಲ.”

ಅಷ್ಟು ಹೇಳಿ ಮತ್ತೆ ಪೇಪರ್ ಓದತೊಡಗಿದರು. ನನ್ನ ಕಡೆ ನೋಡಲೂ ಇಲ್ಲ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬಾ ತಂಗಿ ಎಂದು ಒಂದು ಮಾತು ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ಪ್ರಯಾಣಿಕರ ಕಥೆ ಬೇರೆ. ಸಾಲಿನ ಮುಂದೆ ಬಂದು ಕಿಟಕಿಯಲ್ಲಿ ಬಗ್ಗಿ, ಡ್ರೈವರ್ ಎಲ್ಲಿ ಹೋಗಿದ್ದಾನೆ ಎಂದು ನನ್ನನ್ನೇ ಕೇಳುವರು. ಇಲ್ಲೇ ಕೂತಿದ್ದಾನೆ ನೋಡಿರಿ ಎನ್ನುತ್ತಿದ್ದೆ. ಕೆಲವರು ನಕ್ಕು ಹತ್ತುವರು. ಹತ್ತಿದ ಮೇಲೆ ದಾರಿಯುದ್ದಕ್ಕೂ ಮುಂದಿನ ಸೀಟಿನವರು ಇಲ್ಲದ ಬ್ರೇಕು ಕಾಲಲ್ಲಿ ಒತ್ತುತ್ತಲೇ ಇರುವರು. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಅವರ ಕಾಲು ಸೋತಿರುತ್ತಿತ್ತು, ನನ್ನದಲ್ಲ. ಅಂಥವರೇ ಇಳಿಯುವಾಗ ಫೋನ್ ನಂಬರು ಕೇಳಿ ಬರೆದುಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಂತೂ, ವಯಸ್ಸಾದವರು, ಆಸ್ಪತ್ರೆಗೆ ಹೋಗುವವರು, ಒಂದು ಸಲ ಬಂದವರು ಮತ್ತೆ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ನಾನು ಚೆನ್ನಾಗಿ ಓಡಿಸುತ್ತೇನೆ. ಇದನ್ನು ಸಂಕೋಚ ಮಾಡಿ ಹೇಳುವುದು ನನಗೆ ಬರುವುದಿಲ್ಲ.

ಆದರೆ ಒಲ್ಲೆ ಅನ್ನುವವರೂ ಇದ್ದರು. ಇರಲಿ ಬಿಡಿ, ಬಸ್ಸಿಗೆ ಹೋಗುತ್ತೇವೆ ಎಂದು ನಾಲ್ಕು ಹೆಜ್ಜೆ ನಡೆದು ಹಿಂದಿನ ಗಾಡಿಯ ಬಾಗಿಲಿಗೆ ಹೋಗುವರು. ಮುಂದಿನ ಗಾಡಿ ಎಂದು ಅವನು ನನ್ನ ಕಡೆ ಕೈ ತೋರಿಸುವನು. ಅವರು ಗೊಣಗುತ್ತ ಪೆಟ್ರೋಲ್ ಬಂಕಿನ ಕಡೆ ನಡೆಯುವರು. ಸ್ವಲ್ಪ ಹೊತ್ತಿಗೆ ಆ ಸಪೂರ ಮೀಸೆಯವನು ಗಾಳಿ ತುಂಬಿಸಿಕೊಂಡು ಬರುತ್ತೇನೆ ಎಂದು ಗಾಡಿ ತೆಗೆಯುವನು. ಅವನ ಗಾಲಿಗಳಿಗೆ ಅಷ್ಟು ಗಾಳಿ ಯಾಕೆ ಬೇಕು ಎಂಬುದು ನನಗೆ ಬೇಗ ತಿಳಿಯಿತು. ಒಂದು ದಿನ ಹಿಂದೆಯೇ ಹೋದೆ. ನನ್ನ ಗಾಡಿ ಹತ್ತಲು ಒಲ್ಲೆ ಅಂದ ಗಂಡಹೆಂಡತಿಯನ್ನು ಬಂಕಿನ ಮೂಲೆಯಲ್ಲಿ ಅವನು ಹತ್ತಿಸಿಕೊಳ್ಳುತ್ತಿದ್ದ. ಅವನ ಗಾಡಿಯ ಮುಂದೆ ನನ್ನ ಗಾಡಿ ಅಡ್ಡ ನಿಲ್ಲಿಸಿ ಇಳಿದೆ. ಅಲ್ಲಿ ನಾನು ಆಡಿದ ಮಾತೆಲ್ಲ ಇಲ್ಲಿ ಹೇಳುವಂಥದ್ದಲ್ಲ. ಬಂಕಿನ ಹುಡುಗರು ಪೈಪು ಕೈಯಲ್ಲಿ ಹಿಡಿದು ನಿಂತೇ ಬಿಟ್ಟರು.

ಕೊನೆಗೆ ಹೇಳಿದ್ದಿಷ್ಟು: ನನ್ನನ್ನು ಪಾಳಿಯಿಂದ ತೆಗೆಯುವುದಿದ್ದರೆ ಎಲ್ಲರ ಮುಂದೆ ತೆಗೆಯಿರಿ, ಹೀಗೆ ಕದ್ದು ಬಾಡಿಗೆ ಹೊಡೆಯಬೇಡಿರಿ. ಆ ಸಂಜೆ ಕಾಕಾ ಎಲ್ಲರನ್ನೂ ಚಹಾದಂಗಡಿಯ ಮುಂದೆ ಕೂಡಿಸಿದರು. ಬಂಕಿನ ಹತ್ತಿರ ಹತ್ತಿಸಿಕೊಂಡರೂ ಪಾಳಿ ಮುರಿದ ಹಾಗೆಯೇ ಎಂದರು. ಇನ್ನೊಮ್ಮೆ ಹಾಗಾದರೆ ಅವನ ಗಾಡಿಗೆ ಈ ಮರದ ನೆರಳಿಲ್ಲ ಎಂದರು. ಮೀಸೆಯವನು ತಲೆ ತಗ್ಗಿಸಿ ಕೂತಿದ್ದ. ಅವನಿಗೆ ನನ್ನ ಮೇಲೆ ಒಳಗೊಳಗೇ ಉರಿಯುತ್ತಿತ್ತು, ನನಗೆ ಅವನ ಮೇಲೆ. ಇಬ್ಬರೂ ಅದನ್ನು ಮುಚ್ಚಿಡಲಿಲ್ಲ.

ಆಮೇಲೆ ಬಂದದ್ದು ತೊಟ್ಟಿಲಿನ ದಿನ.

ಬೇಸಿಗೆಯ ಬೆಳಗು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಾಲಿನ ಮುಂದೆ ನನ್ನ ಗಾಡಿ, ನನ್ನ ಹಿಂದೆ ಮೀಸೆಯವನದು, ಅವನ ಹಿಂದೆ ಕಾಕಾರದು. ಪಕ್ಕದ ಹಳ್ಳಿಯ ಒಬ್ಬ ದೊಡ್ಡ ಮನೆತನದ ಯಜಮಾನರು ಬಂದರು. ಅವರು ಸಾಮಾನ್ಯ ಗಿರಾಕಿಯಲ್ಲ. ಅವರ ಮನೆಯಲ್ಲಿ ಮತ್ತು ಅವರ ನೆಂಟರ ಮನೆಗಳಲ್ಲಿ ಮದುವೆ, ಸೀಮಂತ, ನಾಮಕರಣ ಏನೇ ಆದರೂ ನಮ್ಮ ಸ್ಟ್ಯಾಂಡಿನ ಎಲ್ಲ ಗಾಡಿಗಳೂ ಒಟ್ಟಿಗೆ ಹೋಗುತ್ತಿದ್ದವು. ಮದುವೆ ಕಾಲದಲ್ಲಿ ನಮ್ಮೆಲ್ಲರ ಒಲೆ ಉರಿಯುತ್ತಿದ್ದುದು ಹೆಚ್ಚುಕಡಿಮೆ ಅವರಿಂದಲೇ. ಜೊತೆಗೆ ಅವರ ಹೆಂಡತಿ, ಬಾಣಂತನ ಮುಗಿಸಿದ ಮಗಳು, ಅವಳ ಎದೆಗೆ ಅವಚಿದ ಕೂಸು. ಮಗಳನ್ನು ಅಣ್ಣಿಗೇರಿಗೆ ಗಂಡನ ಮನೆಗೆ ಕಳಿಸಲು ಹೊರಟಿದ್ದರು. ತವರಿನಿಂದ ಕೊಡುವ ಬಣ್ಣದ ತೊಟ್ಟಿಲನ್ನು ಮಾಡಿದವರ ಮನೆಯಿಂದ ಆಗಷ್ಟೇ ತಂದಿದ್ದರು. ಕೆಂಪು ಹಸಿರು ಬಣ್ಣ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಖಾಲಿ ತೊಟ್ಟಿಲು ಒಯ್ಯಬಾರದೆಂದು ಕೂಸಿನ ಅಜ್ಜಿ ಅದರೊಳಗೆ ಒಂದು ತೆಂಗಿನಕಾಯಿ, ಕುಬಸದ ಖಣ ಇಟ್ಟಿದ್ದಳು.

ನಾನು ಇಳಿದು ಕ್ಯಾರಿಯರ್ ಮೇಲೆ ಹಾಸಲು ಗೋಣಿಚೀಲ ತೆಗೆದೆ. ಯಜಮಾನರು ಕೈ ಅಡ್ಡ ಹಿಡಿದರು. ನನಗೆ ಹೇಳಲಿಲ್ಲ, ನನ್ನ ತಲೆಯ ಮೇಲಿಂದ ಕಾಕಾರಿಗೆ ಹೇಳಿದರು.

“ಬೀಗರ ಮನಿ ಮುಂದ ಹೆಣ್ಣಮಗಳು ಗಾಡಿ ಹೊಡಕೊಂಡು ಬಂದು ನಿಂತ್ರ ನಮ್ಮ ಮರ್ಯಾದಿ ಏನ ಉಳೀತು? ಗಂಡಸರು ಸಿಗಲಿಲ್ಲೇನು ಅಂತಾರ. ಬ್ಯಾರೆ ಗಾಡಿ ಹಚ್ಚು.”

ನನ್ನ ಮೈಯೆಲ್ಲ ಉರಿದು ಹೋಯಿತು. ನಾಲಿಗೆಯ ತುದಿಗೆ ಬಂದದ್ದನ್ನು ಕೂಸಿನ ಮುಖ ನೋಡಿ ನುಂಗಿಕೊಂಡೆ. ಅದರ ಜೊತೆಗೆ ಒಂದು ಹೆದರಿಕೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಗಂಡಹೆಂಡತಿ ಇಬ್ಬರು ಒಲ್ಲೆ ಅಂದರೆ ಪಾಳಿ ಹಿಡಿದುಕೊಂಡು ಕೂರುವುದು ಸುಲಭ. ಇವರು ಒಲ್ಲೆ ಅಂದರೆ ಇಡೀ ವರ್ಷದ ಮದುವೆಗಳು ಹೋದವು. ಈ ಒಬ್ಬಳ ಸಲುವಾಗಿ ಅಷ್ಟನ್ನು ಯಾರು ಕಳೆದುಕೊಳ್ಳುತ್ತಾರೆ? ಇವತ್ತು ಹಿಂದಿನ ಗಾಡಿಯ ಬಾಗಿಲು ತೆರೆಯಿತೆಂದರೆ ನಾಳೆಯಿಂದ ನಾನು ಸಾಲಿನಲ್ಲಿ ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ. ಎಲ್ಲರೂ ನನ್ನ ಮುಂದಿನಿಂದಲೇ ಹಿಂದಕ್ಕೆ ಹೋಗುತ್ತಾರೆ.

ಕಾಕಾ ಪೇಪರ್ ಮಡಚಿ, ಮುಂದಿನ ಗಾಡಿ ಅದೇ, ಈ ಅಕ್ಕನ ಕಾಗದಪತ್ರ ಎಲ್ಲ ಸರಿ ಇವೆ, ಹುಬ್ಬಳ್ಳಿ ದಾಟಿ ಎಷ್ಟೋ ಸಲ ಹೋಗಿ ಬಂದಿದ್ದಾರೆ ಎಂದು ಸಮಾಧಾನದಿಂದ ಹೇಳಿದರು. ಯಜಮಾನರು ಕೇಳಿಸಿಕೊಳ್ಳಲಿಲ್ಲ. ನೇರ ಮೀಸೆಯವನ ಗಾಡಿಗೆ ನಡೆದರು. ಅವನು ಸ್ಟೇರಿಂಗ್ ಹಿಂದೆ ಕೂತಿದ್ದ. ಬೆಳಗಿನಿಂದ ಅವನಿಗೆ ಬೋಣಿ ಆಗಿರಲಿಲ್ಲ. ಅಣ್ಣಿಗೇರಿ ಅಂದರೆ ಹುಬ್ಬಳ್ಳಿ ದಾಟಿ ಗದಗ ರಸ್ತೆಯಲ್ಲಿ ದೂರದ ಬಾಡಿಗೆ. ಅವನ ಕೈ ಬಾಗಿಲಿನ ಹಿಡಿಕೆಯ ಮೇಲಿತ್ತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಇವನು ತೆರೆಯುತ್ತಾನೆ, ಇವನೇ ತೆರೆಯುತ್ತಾನೆ ಎಂದು ನನಗೆ ಖಾತ್ರಿ ಇತ್ತು.

ಅವನು ನನ್ನ ಕಡೆ ಒಮ್ಮೆ ನೋಡಿದ. ಪ್ರೀತಿಯಿಂದ ನೋಡಿದ್ದೇನಲ್ಲ, ಹಲ್ಲು ಕಚ್ಚಿಕೊಂಡು ನೋಡಿದ.

“ಮುಂದಿನ ಗಾಡಿಗೆ ಹೋಗ್ರಿ” ಎಂದ.

ಯಜಮಾನರಿಗೆ ನಂಬಿಕೆಯಾಗಲಿಲ್ಲ. ಅವನ ಹಿಂದಿನ ಗಾಡಿ, ಅದರ ಹಿಂದಿನದು, ಅದರ ಹಿಂದಿನದು, ಕೊನೆಯವರೆಗೂ ನಡೆದು ಕೇಳಿದರು. ಎಲ್ಲರೂ ಅದೇ ಮಾತು ಹೇಳಿದರು. ಒಬ್ಬ ಹೇಳುವಾಗ ಅವರ ಮುಖ ನೋಡಲಾರದೆ ಸ್ಪೀಡೋಮೀಟರ್ ನೋಡುತ್ತ ಹೇಳಿದ. ಯಜಮಾನರ ಮುಖ ಕೆಂಪೇರಿತು. ಬಾಡಿಗೆ ನಿರಾಕರಿಸುವುದು ಅಪರಾಧ, ಕಾನೂನು ನನಗೂ ಗೊತ್ತು, ಎಲ್ಲರ ಪರ್ಮಿಟ್ ರದ್ದು ಮಾಡಿಸುತ್ತೇನೆ ಎಂದು ಕೂಗಾಡಿದರು. ನಾವ್ಯಾರೂ ನಿರಾಕರಿಸಿಲ್ಲ, ನೀವೇ ನಿರಾಕರಿಸಿದ್ದು ಎಂದು ಕಾಕಾ ಮೆಲ್ಲಗೆ ಹೇಳಿದರು. ಅದು ಅವರಿಗೆ ಇನ್ನಷ್ಟು ಚುಚ್ಚಿತು. ಫೋನು ತೆಗೆದು ಪರಿಚಯದವರೊಬ್ಬರ ಸ್ವಂತ ಕಾರು ತರಿಸಲು ಹೇಳಿದರು. ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಯಾವ ಕಾನೂನು ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ.

ಆ ಗಾಡಿ ಬರುವವರೆಗೆ ಅವರು ಬಿಸಿಲಲ್ಲಿ ನಿಲ್ಲಬೇಕಾಯಿತು. ನೆರಳಿದ್ದದ್ದೆಲ್ಲ ನಮ್ಮ ಗಾಡಿಗಳ ಮೇಲೆ. ಕೂಸು ಅಳತೊಡಗಿತು. ನನಗೆ ತಡೆಯಲಿಲ್ಲ. ಎಸಿ ಹಾಕಿ ಹಿಂದಿನ ಬಾಗಿಲು ತೆರೆದು, ಗಾಡಿ ಬರುವ ತನಕ ಕೂಸನ್ನು ಎತ್ತಿಕೊಂಡು ಕೂರವ್ವಾ, ಬಾಡಿಗೆ ಮಾತು ಬೇಡ ಎಂದು ಮಗಳಿಗೆ ಹೇಳಿದೆ. ಅವಳು ಅಪ್ಪನ ಮುಖವನ್ನೂ ನೋಡದೆ ಬಂದು ಕೂತಳು. ಅಜ್ಜಿಯೂ ಕೂತಳು. ಯಜಮಾನರು ಮಾತ್ರ ತೊಟ್ಟಿಲಿನ ಪಕ್ಕ ಕಾವಲುಗಾರನ ಹಾಗೆ ನಿಂತೇ ಇದ್ದರು.

ಒಳಗೆ ತಣ್ಣಗಾದ ಮೇಲೆ ಕೂಸು ಮಲಗಿತು. ನೀವು ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದಿರಂತೆ ಹೌದೇ ಎಂದು ಹುಡುಗಿ ಪಿಸುಗುಟ್ಟಿ ಕೇಳಿದಳು. ಯಾರು ಹೇಳಿದರು ಎಂದೆ. ಊರಲ್ಲೆಲ್ಲ ಗೊತ್ತು ಎಂದಳು. ಅಣ್ಣಿಗೇರಿಯಲ್ಲಿ ಗಂಡನ ಸ್ಕೂಟರ್ ಇದೆ, ಅದನ್ನು ತೆಗೆದರೆ ಅತ್ತೆ ಬೈಯುತ್ತಾರೆ ಎಂದು ಅಂದಳು. ಬೈದರೆ ಬೈಯಲಿ, ಪೆಟ್ರೋಲ್ ತುಂಬಿಸಿ ತೆಗಿ ಎಂದೆ. ಅಜ್ಜಿ ಮುಸುಮುಸು ನಕ್ಕಳು. ಆಮೇಲೆ ಬಿಳಿ ಬೋರ್ಡಿನ ಗಾಡಿ ಬಂತು. ತೊಟ್ಟಿಲನ್ನು ಅದರ ಮೇಲೆ ಕಟ್ಟಿದರು. ಕಟ್ಟಿದ್ದು ಸರಿಯಾಗಿರಲಿಲ್ಲ, ನಾನೇ ಹೋಗಿ ಹಗ್ಗ ಬಿಗಿದು ಕೊಟ್ಟೆ. ಯಜಮಾನರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಹೋದರು.

ಅವರು ಬಾಯಿ ಮಾತಿಗೆ ಹೆದರಿಸಿದ್ದಲ್ಲ, ದೂರು ಕೊಟ್ಟೇ ಬಿಟ್ಟರು. ಕೆಲವು ದಿನಗಳ ಮೇಲೆ ಒಬ್ಬ ಸಾರಿಗೆ ಅಧಿಕಾರಿ ವಿಚಾರಿಸಲು ಬಂದ. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದ. ಗಾಡಿ ಸಿದ್ಧವಿತ್ತು, ಡ್ರೈವರ್ ಸಿದ್ಧವಿದ್ದಳು, ಅವರು ಹತ್ತಲಿಲ್ಲ ಎಂದು ಎಲ್ಲರೂ ಹೇಳಿದರು. ಸುಳ್ಳೇನಲ್ಲ. ಅವನು ನನ್ನ ಕಾಗದಗಳನ್ನೆಲ್ಲ ತಿರುವಿ ನೋಡಿದ, ಇನ್ಶೂರೆನ್ಸ್ ನೋಡಿದ, ನನ್ನ ಖಾಕಿ ಅಂಗಿಯನ್ನೂ ನೋಡಿದ. ಗುಂಡಿ ಹಾಕಿಕೊಳ್ಳಿರಿ ಎಂದಷ್ಟೇ ಹೇಳಿ ಹೋದ.

ಆದರೆ ಮದುವೆ ಕಾಲ ಬಂತು, ಆ ಮನೆತನದ ಬಾಡಿಗೆಗಳು ಬರಲಿಲ್ಲ. ಅವರ ನೆಂಟರ ಮನೆಯವೂ ಬರಲಿಲ್ಲ. ಹೂವಿನ ಹಾರ ಕಟ್ಟಿದ ಬಿಳಿ ಬೋರ್ಡಿನ ಕಾರುಗಳು ನಮ್ಮ ಕಣ್ಣೆದುರೇ ಸಾಲಾಗಿ ಹೋದವು. ನಾವು ಹುಣಸೆ ಮರದ ಕೆಳಗೆ ನೊಣ ಹೊಡೆಯುತ್ತ ಕೂತೆವು. ಯಾರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು, ನಾನೂ ಅನ್ನಬಹುದಿತ್ತು. ಸುಮ್ಮನೆ ಕೂರುವವರ ಜೊತೆ ಜಗಳ ಮಾಡುವುದು ಹೇಗೆ? ಮೀಸೆಯವನ ಮಗಳ ಶಾಲೆ ಬದಲಾಯಿತೆಂದು ಯಾರೋ ಹೇಳಿದರು. ಖಾಸಗಿ ಶಾಲೆಯಿಂದ ಬಿಡಿಸಿದನಂತೆ. ಆ ದಿನ ನನಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಕಾಕಾ ಒಬ್ಬರೇ ಗಾಡಿಯ ಗಾಜು ಒರೆಸುತ್ತಿದ್ದಾಗ ಹೋಗಿ ಹೇಳಿದೆ. ನಾನು ಪಾಳಿ ಬಿಡುತ್ತೇನೆ, ಫೋನಿನಲ್ಲಿ ಬರುವ ಬಾಡಿಗೆಗಳು ನನಗೆ ಸಾಕು, ಮನೆಯಿಂದಲೇ ಹೋಗಿ ಬರುತ್ತೇನೆ, ನನ್ನ ಸಲುವಾಗಿ ನೀವೆಲ್ಲ ಉಪವಾಸ ಬೀಳುವುದು ಬೇಡ ಎಂದೆ. ಧೈರ್ಯವಾಗಿಯೇ ಹೇಳಿದೆ.

ಕಾಕಾ ಒರೆಸುವುದನ್ನು ನಿಲ್ಲಿಸಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅವತ್ತೇ.

“ನಿನ್ನ ಸಲುವಾಗಿ ಮಾಡೀವಿ ಅಂತ ತಿಳಕೊಂಡೀಯೇನವ್ವಾ?” ಎಂದರು. “ಇವತ್ತ ಹೆಂಗಸು ಅಂತ ಹತ್ತೂದಿಲ್ಲ. ಸುಮ್ಮ ಬಿಟ್ರ ನಾಳೆ ಹೆಸರು ಕೇಳಿ ಹತ್ತತಾರ. ಹೆಸರು ಕೇಳಿ ಹತ್ತೂ ಮಂದಿ ನನ್ನ ಗಾಡ್ಯಾಗ ಕುಂಡ್ರತಾರೇನು, ನೀನ ಹೇಳು.”

ಹಾಗೆ ಎಂದಾದರೂ ಆಗಿದೆಯೇ ಎಂದು ಕೇಳಿದೆ. ಆಗಿದೆ ಎಂದರು. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರ ಮಾತು ಅದು. ಕಾಕಾರ ಗಾಡಿ ಸಾಲಿನ ಮುಂದಿತ್ತು. ಹರಕೆ ತೀರಿಸಲು ದೇವಸ್ಥಾನಕ್ಕೆ ಹೊರಟ ಒಂದು ಮನೆಯವರು ಬಂದು, ಚೀಲಗಳನ್ನು ಹಿಂದೆ ಇಟ್ಟು, ಎಲ್ಲರೂ ಹತ್ತಿ ಕೂತರು. ಆಗ ಕಾಕಾರಿಗೆ ಗಡ್ಡ ಇರಲಿಲ್ಲ. ಗಾಡಿ ಹೊರಡುವಷ್ಟರಲ್ಲಿ ಅವರಲ್ಲಿ ಹಿರಿಯನೊಬ್ಬ ನಿಮ್ಮ ಹೆಸರೇನು ಎಂದು ಕೇಳಿದ. ಇವರು ಹೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಯಲಿಲ್ಲ, ಜಗಳ ಮಾಡಲಿಲ್ಲ, ನಗುನಗುತ್ತಲೇ ಇಳಿದರು. ಚೀಲಗಳನ್ನು ಇವರ ಕೈಯಿಂದಲೇ ಇಳಿಸಿಕೊಂಡರು. ಆಮೇಲೆ ಹಿಂದಿನ ಗಾಡಿಗೆ ಹೋದರು.

“ಆವಾಗ ಈ ನೇಮ ಇರಲಿಲ್ಲ” ಎಂದರು ಕಾಕಾ. “ಯಾರರ ಹತ್ತಿಸಿಕೊಂಡ್ರ ನಾನೇನೂ ಅನ್ನಾಂವ ಇದ್ದಿಲ್ಲ. ಹಿಂದಿನ ಗಾಡಿ ನಿನ್ನ ಗಂಡಂದಿತ್ತು. ಆಂವ ಬಾಗಿಲಾ ತಗೀಲಿಲ್ಲ. ಅವನ್ನ ನೋಡಿ ಅವನ ಹಿಂದಿನಾವೂ ತಗೀಲಿಲ್ಲ. ಪಾಳಿ ಅವತ್ತ ಗಟ್ಟಿ ಆತು.”

ಅಷ್ಟು ಹೇಳಿ ಮತ್ತೆ ಗಾಜು ಒರೆಸತೊಡಗಿದರು. ಹೋಗು, ಸಾಲು ಮುಂದೆ ಸರಿದಿದೆ, ಗಾಡಿ ಮುಂದೆ ತಗೋ ಎಂದರು. ನಾನು ಹೋಗಿ ಗಾಡಿ ಮುಂದಕ್ಕೆ ತೆಗೆದುಕೊಂಡು ನಿಂತೆ.

ಸಂಜೆ ಮನೆಗೆ ಬಂದರೆ ಗಂಡ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ಕಣ್ಣು ಮಂಜಾದ ಮೇಲೆ ಕಲಿತ ಕೆಲಸ ಅದು. ಕಣ್ಣಿಂದಲ್ಲ, ಕೈಯಿಂದ ನೋಡಿ ಬಡಿಯುತ್ತಾನೆ. ನಾನು ಖಾಕಿ ಅಂಗಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ್ದೇನೆ, ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಿದ್ದಾನೆಯೇ ಎಂದು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇವನು ನನ್ನ ಗಂಡ ಎಂದು ಎಂಥ ಹೆಮ್ಮೆ ಬಂತೆಂದರೆ ಕಣ್ಣಲ್ಲಿ ನೀರು ತುಂಬಿತು. ಅವನಿಗೆ ಕಾಣಲಿಲ್ಲ, ಒಳ್ಳೆಯದಾಯಿತು. ಕಾಕಾ ಹೇಳಿದ್ದನ್ನೆಲ್ಲ ಹೇಳಿ, ಅವತ್ತು ಯಾಕೆ ಬಾಗಿಲು ತೆರೆಯಲಿಲ್ಲ, ನಿಮಗೂ ಬಾಡಿಗೆ ಬೇಕಾಗಿತ್ತಲ್ಲ ಎಂದು ಕೇಳಿದೆ.

ಅವನು ಬಡಿಯುತ್ತಿದ್ದ ಕೈ ನಿಲ್ಲಿಸಿ ನನ್ನ ದನಿ ಬಂದ ಕಡೆ ಮುಖ ಮಾಡಿದ. ಇಷ್ಟು ಸಣ್ಣ ವಿಷಯವನ್ನು ಇವಳು ಯಾಕೆ ಕೇಳುತ್ತಿದ್ದಾಳೆ ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಪಾಳಿ ಅವರದಿತ್ತಲ್ಲ” ಎಂದ.